ಹತ್ತಿಯ ಬೆಳೆಯೂ ಗೊಬ್ಬರದ ಬೆಲೆಯೂ

ಧಾರವಾಡ, ಹಾವೇರಿ, ರಾಯಚೂರು ಸೀಮೆಗಳ ಎರೆಭೂಮಿಯಲ್ಲಿ ಹತ್ತಿಯು ಒಕ್ಕಲಿಗನ ರೊಕ್ಕದ ಬೆಳೆ. ಗೊಬ್ಬರ ಹಾಕುವಾಗ ಅವನ ಕೈ ಯೂರಿಯದ ಕಡೆಗೇ ವಾಲುತ್ತಿರುವುದು ವಿಷಾದದ ಸಂಗತಿಯೆಂದು ನಾವು ಭಾವಿಸುತ್ತೇವೆ.

ಸಾರಜನಕವು ಮಿತಿಮೀರಿದರೆ ಗಿಡವು ಸೊಕ್ಕಿ ಎಲೆ ತಳೆಯುವುದಲ್ಲದೆ ಕಾಯಿ ಹೆಚ್ಚಾಗಿ ಕಟ್ಟದು. ರಸ ಹೀರುವ ಕೀಟಗಳಿಗೂ ಅದು ಆಹ್ವಾನ. ಬೇರು ಬಲಿಯಲು ರಂಜಕವೂ, ಕಾಯಿ ತುಂಬಿ ಎಳೆ ಗಟ್ಟಿಯಾಗಲು ಪೊಟ್ಯಾಷೂ ಬೇಕು; ಮೆಗ್ನೀಸಿಯಂ ಸಾಲದಿದ್ದರೆ ಎಲೆಗಳು ಕೆಂಪಾಗುವುವು. ಒಂದರ ಕೊರತೆಯನ್ನು ಮತ್ತೊಂದರ ಹೆಚ್ಚಳವು ತುಂಬಲಾರದು.

ಈ ದೋಷವನ್ನು ಒಕ್ಕಲಿಗನ ಅಜ್ಞಾನದ ಮೇಲೆ ಹೊರಿಸುವುದು ಅನ್ಯಾಯ. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ನಿಯಂತ್ರಣವನ್ನು ತೆಗೆದು ಯೂರಿಯಕ್ಕೆ ಮಾತ್ರ ಉಳಿಸಿದುದು ಕೇಂದ್ರ ಸರಕಾರವೇ. 2010ರ ಪೋಷಕಾಂಶಾಧಾರಿತ ಸಹಾಯಧನದ ಪದ್ಧತಿಯಿಂದಲೂ ಯೂರಿಯವನ್ನು ಅದು ಹೊರಗಿಟ್ಟಿತು. ಬಡವನು ಅಗ್ಗವಾದುದನ್ನೇ ಕೊಳ್ಳುವನು. 2015ರಲ್ಲಿ ಮಣ್ಣಿನ ಆರೋಗ್ಯ ಕಾರ್ಡಿನ ಯೋಜನೆ ಬಂದಿತು. ಆದರೆ ಕಾರ್ಡು ಒಂದನ್ನು ಹೇಳಿ ಅಂಗಡಿಯ ಬೆಲೆಯು ಮತ್ತೊಂದನ್ನು ಹೇಳಿದರೆ ಅವನು ಯಾರ ಮಾತನ್ನು ಕೇಳಿಯಾನು?

ಬೆಲೆಗಳ ಈ ವಕ್ರತೆಯನ್ನು ಸರಕಾರವು ತಿದ್ದಲಿ. ಅಧಿಕಾರಿಗಳು ಮಣ್ಣಿನ ಪರೀಕ್ಷೆಯ ಫಲವನ್ನು ಬಿತ್ತನೆಗೆ ಮೊದಲೇ ಹೊಲದ ಬದುವಿಗೆ ಬಂದು ತಿಳಿಯಹೇಳಲಿ. ಕಚೇರಿಯ ಕಡತದಲ್ಲಿರುವ ಜ್ಞಾನದಿಂದ ಹತ್ತಿ ಬೆಳೆಯದು.