ಗ್ರಂಥಾಲಯದಲ್ಲಿ ಪಿಯಾನೋ ನುಡಿಸಬಹುದೇ?

ಅಜ್ಜ-ಅಜ್ಜಿಯರಿಗೆ ಪಿಯಾನೋ ಪರಿಚಯವಾದದ್ದು ಸಿನಿಮಾದಿಂದ. ನಮ್ಮ ಕಾಲದ ಕಪ್ಪು-ಬಿಳುಪು ಚಿತ್ರಗಳಲ್ಲಿ ಶ್ರೀಮಂತರ ಮನೆ ಎಂದರೆ ದೊಡ್ಡ ಹಜಾರ, ಮಹಡಿಗೆ ಹೋಗುವ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಒಂದು ಕರಿ ಪಿಯಾನೋ. ನಾಯಕ ಅದರ ಮುಂದೆ ಕುಳಿತು ನಾಯಕಿಯ ಕಡೆ ನೋಡುತ್ತಾ ಹಾಡುತ್ತಿದ್ದ. ಅವನ ಬೆರಳು ಒಂದು ಕಡೆ, ಸ್ವರ ಇನ್ನೊಂದು ಕಡೆ! ಇಂದಿನ ಮಕ್ಕಳಿಗೆ ಪಿಯಾನೋ ಪರಿಚಯವಾಗುವುದು ಮೊಬೈಲಿನಿಂದ, ಇಲ್ಲವೇ ಹುಟ್ಟುಹಬ್ಬಕ್ಕೆ ಬಂದ ಪುಟ್ಟ ಕೀಬೋರ್ಡಿನಿಂದ. ಒಂದು ವಿಷಯದಲ್ಲಿ ಮಾತ್ರ ಎರಡು ತಲೆಮಾರುಗಳೂ ಸಮ. ನಿಜವಾದ ಪಿಯಾನೋವನ್ನು ಹತ್ತಿರ ಕುಳಿತು ಕೇಳಿದವರು ಉಡುಪಿ, ಕಾಪು, ಕಾರ್ಕಳದ ಕಡೆ ಬಹಳ ಕಡಿಮೆ.

ಹಾಗಾಗಿ ಈ ವಾರ ಒಂದು ವಿಚಿತ್ರ ಪ್ರಶ್ನೆ. ‘ಸದ್ದು ಮಾಡಬಾರದು’ ಎಂದು ಗೋಡೆಯ ಮೇಲೆ ಬರೆದಿರುವ ಸಾರ್ವಜನಿಕ ಗ್ರಂಥಾಲಯದಲ್ಲಿ ಪಿಯಾನೋ ಕಛೇರಿ ಮಾಡಬಹುದೇ?

ಉತ್ತರ ಹುಡುಕುವ ಮೊದಲು ಹೆಸರಿನ ಅರ್ಥ ನೋಡೋಣ. ಇಟಲಿಯ ಭಾಷೆಯಲ್ಲಿ ‘ಪಿಯಾನೋ’ ಎಂದರೆ ‘ಮೆಲ್ಲಗೆ’! ಸುಮಾರು 1700ನೇ ಇಸವಿಯಲ್ಲಿ ಫ್ಲಾರೆನ್ಸ್ ನಗರದ ಅರಮನೆಯ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ತಲೊಮಿಯೊ ಕ್ರಿಸ್ಟೋಫೊರಿ ಎಂಬ ಕುಶಲಕರ್ಮಿ ಇದನ್ನು ಮಾಡಿದ. ಅದಕ್ಕಿಂತ ಹಿಂದೆ ಇದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಕೀ ಒತ್ತಿದರೆ ಒಂದು ಸಣ್ಣ ಕಡ್ಡಿ ತಂತಿಯನ್ನು ಮೀಟುತ್ತಿತ್ತು. ಬೆರಳನ್ನು ಜೋರಾಗಿ ಒತ್ತಿ, ಹಗುರವಾಗಿ ಒತ್ತಿ, ಸದ್ದು ಹೆಚ್ಚುಕಡಿಮೆ ಒಂದೇ. ಕ್ರಿಸ್ಟೋಫೊರಿ ಕಡ್ಡಿಯ ಬದಲು ಪುಟ್ಟ ಸುತ್ತಿಗೆಗಳನ್ನು ಇಟ್ಟ. ಹಗುರವಾಗಿ ಒತ್ತಿದರೆ ಮೆಲ್ಲನೆಯ ನಾದ, ಬಲವಾಗಿ ಒತ್ತಿದರೆ ಗಟ್ಟಿ ನಾದ. ಆದ್ದರಿಂದ ಅದಕ್ಕೆ ‘ಮೆಲ್ಲಗೆ ಮತ್ತು ಜೋರಾಗಿ’ ಎಂಬ ಅರ್ಥದ ಉದ್ದ ಹೆಸರು ಬಂತು. ಕಾಲಕ್ರಮದಲ್ಲಿ ‘ಜೋರು’ ಬಿದ್ದುಹೋಗಿ ‘ಮೆಲ್ಲಗೆ’ ಮಾತ್ರ ಉಳಿಯಿತು. ಗ್ರಂಥಾಲಯಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇಕೇ?

ಇಂದಿನ ಪಿಯಾನೋದಲ್ಲಿ 88 ಕೀಗಳು. ಬಿಳಿ 52, ಕಪ್ಪು 36. ಒಳಗೆ ಸುಮಾರು 230 ಉಕ್ಕಿನ ತಂತಿಗಳು. ಎಲ್ಲ ತಂತಿಗಳ ಎಳೆತವನ್ನು ಕೂಡಿಸಿದರೆ 18-20 ಟನ್ನುಗಳಷ್ಟಾಗುತ್ತದೆ. ಅಷ್ಟನ್ನು ತಾಳಿಕೊಳ್ಳಲು ಎರಕದ ಕಬ್ಬಿಣದ ಚೌಕಟ್ಟು ಬೇಕು. ದೊಡ್ಡ ಸಭಾಂಗಣಗಳಲ್ಲಿಡುವ ಪಿಯಾನೋ ಸುಮಾರು 9 ಅಡಿ ಉದ್ದ, ತೂಕ ಐದು ಕ್ವಿಂಟಾಲಿನ ಹತ್ತಿರ.

‘ನಮಗೂ ಅದಕ್ಕೂ ಏನು ಸಂಬಂಧ’ ಎಂದು ಕೇಳುವ ಅಜ್ಜಂದಿರಿಗೆ ಒಂದು ಮಾತು. ಯಕ್ಷಗಾನದ ಭಾಗವತರ ಶ್ರುತಿ ಯಾವುದು ಎಂದು ಕೇಳಿದರೆ ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎನ್ನುತ್ತೇವಲ್ಲ, ಆ ಕಪ್ಪು-ಬಿಳಿ ಯಾವುದು? ಹಾರ್ಮೋನಿಯಂನ ಕೀಗಳದ್ದು. ಹಾರ್ಮೋನಿಯಂಗೆ ಆ ಕೀಗಳ ಸಾಲು ಬಂದದ್ದು ಯುರೋಪಿನಿಂದ. ಪಿಯಾನೋದಲ್ಲೂ ಅದೇ ಸಾಲು. ಚೆಂಡೆಯ ಪೆಟ್ಟಿಗೆ ಮೈಮರೆಯುವ ನಮ್ಮೂರಿನ ಬಯಲಾಟದಲ್ಲಿ ಪಿಯಾನೋದ ಒಬ್ಬ ದಾಯಾದಿ ಬಹಳ ಕಾಲದಿಂದ ಕುಳಿತಿದ್ದಾನೆ. ನಾವು ಅವನನ್ನು ಗುರುತಿಸಿಲ್ಲ, ಅಷ್ಟೆ.

ಹಾಗಾದರೆ ನಮ್ಮ ಕಡೆ ಪಿಯಾನೋ ಏಕಿಲ್ಲ? ಮೊದಲನೆಯದು ಬೆಲೆ. ಎರಡನೆಯದು ಹವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಕಾಪುವಿನ ದೀಪಸ್ತಂಭದ ಬಳಿ ನಿಂತರೆ ತುಟಿಯ ಮೇಲೆ ಉಪ್ಪು ಕೂರುತ್ತದೆ. ಆ ಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿಯುವಾಗ ತಂತಿಗಳ ಪಾಡೇನು? ಆಷಾಢದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ ಎಂದು ಅಜ್ಜಿಯಂದಿರು ಗೊಣಗುತ್ತಾರಲ್ಲ, ಪಿಯಾನೋದ ಒಳಗಿನ ಮರವೂ ಹಾಗೆಯೇ ಉಬ್ಬುತ್ತದೆ, ಶ್ರುತಿ ತಪ್ಪುತ್ತದೆ. ಮೂರನೆಯದಾಗಿ, ಶ್ರುತಿ ಸರಿಮಾಡಲು ಪಳಗಿದ ಕೈ ಬೇಕು. ಅಂಥವರು ಊರೂರಲ್ಲಿ ಸಿಗುವುದಿಲ್ಲ.

ಕನ್ನಡ ನಾಡಿನಲ್ಲಿ ಪಿಯಾನೋವನ್ನು ಗಂಭೀರವಾಗಿ ಕಲಿತ ಒಬ್ಬರ ಕಥೆ ಮಕ್ಕಳು ತಿಳಿದಿರಬೇಕು. ಅವರು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದವರು. 1940ರಲ್ಲಿ ಪಟ್ಟಕ್ಕೆ ಬಂದಾಗ ಅವರಿಗೆ 21 ವರ್ಷ. ರಾಜ್ಯದ ಹೊಣೆ ಹೆಗಲೇರಿತು. ಮುಂದೆ ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಆದರೆ ಪಿಯಾನೋದ ಮೇಲಿನ ಪ್ರೀತಿ ಹೋಗಲಿಲ್ಲ. ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರರು ಮುಪ್ಪಿನಲ್ಲಿ, ಬಡತನದಲ್ಲಿ ದಿನ ಕಳೆಯುತ್ತಿದ್ದರು. ಅವರ ಸಂಗೀತ ಕಳೆದುಹೋಗಬಾರದೆಂದು ಮಹಾರಾಜರು ಹಣ ಕೊಟ್ಟು ಅವರ ವಾದನವನ್ನು ಧ್ವನಿಮುದ್ರಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಅವರು 1951ರಲ್ಲಿ ತೀರಿಕೊಂಡರು. ಮೈಸೂರಿನ ಹಣದಿಂದ ಉಳಿದ ಆ ನಾದವನ್ನು ಜಗತ್ತು ಇಂದಿಗೂ ಕೇಳುತ್ತದೆ.

ಒಳ್ಳೆಯ ಕಥೆಯೇ. ಆದರೆ ಅದು ಅರಮನೆಯ ಕಥೆ. ನನ್ನ ಮೊಮ್ಮಗಳು ಆರನೇ ತರಗತಿ. ಅವಳ ಬಳಿ ಒಂದು ಸಣ್ಣ ಕೀಬೋರ್ಡ್ ಇದೆ. ಎಷ್ಟು ಮೆಲ್ಲಗೆ ಒತ್ತಿದರೂ, ಎಷ್ಟು ಗುದ್ದಿದರೂ ಅದರಲ್ಲಿ ಒಂದೇ ಸದ್ದು. ಪಿಯಾನೋದ ಹೆಸರಿನಲ್ಲಿರುವ ‘ಮೆಲ್ಲಗೆ’ಯೇ ಅದರಲ್ಲಿಲ್ಲ. ಅವಳು ಒಮ್ಮೆ ಕೇಳಿದಳು: “ಅಜ್ಜ, ನಿಜವಾದ ಪಿಯಾನೋ ಮುಟ್ಟಿ ನೋಡಬೇಕಾದರೆ ಯಾರನ್ನು ಕೇಳಬೇಕು?”

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಲಾಕರಿನಲ್ಲಿಟ್ಟ ಬಂಗಾರ ಇಟ್ಟವರಿಗೆ ಮಾತ್ರ. ಗ್ರಂಥಾಲಯ ಹಾಗಲ್ಲ. ಅದು ಎಷ್ಟು ಜನ ತೆಗೆದರೂ ಶಿಲ್ಕು ಇಳಿಯದ ಖಾತೆ. ಒಬ್ಬ ಹುಡುಗ ಕಾರಂತರ ಕಾದಂಬರಿ ಓದಿ ಹಿಂದೆ ಕೊಟ್ಟರೆ ಅದರಲ್ಲಿ ಒಂದು ಅಕ್ಷರವೂ ಕಡಿಮೆಯಾಗುವುದಿಲ್ಲ. ಒಬ್ಬೊಬ್ಬರೇ ಕೊಳ್ಳಲಾಗದ್ದನ್ನು ಎಲ್ಲರೂ ಸೇರಿ ಇಟ್ಟುಕೊಳ್ಳುವ ಜಾಗ ಅದು. ಅಲ್ಲಿ ‘ಯಾರನ್ನು ಕೇಳಬೇಕು’ ಎಂಬ ಪ್ರಶ್ನೆಯೇ ಬರಬಾರದು. 1965ರ ಕಾಯ್ದೆಯ ಪ್ರಕಾರ ನಾವು ಕಟ್ಟುವ ಮನೆ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ. ರಸೀದಿ ತೆಗೆದು ನೋಡಿ. ಗ್ರಂಥಾಲಯ ಸರ್ಕಾರ ಕೊಟ್ಟ ದಾನವಲ್ಲ, ನಮ್ಮದೇ ಸೊತ್ತು.

ಭಾರತದ ಗ್ರಂಥಾಲಯಗಳಿಗೆ ದಾರಿ ತೋರಿದ ಎಸ್. ಆರ್. ರಂಗನಾಥನ್ ಅವರಿಗೂ ನಮ್ಮ ಕರಾವಳಿಗೂ ನಂಟಿದೆ. ಅವರು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದವರು. ಅನಂತರ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿದರು. ಅದರಲ್ಲಿ ಮೊದಲನೆಯದರ ಸಾರ ಇಷ್ಟು: ಪುಸ್ತಕ ಇರುವುದು ಬಳಸುವುದಕ್ಕೆ, ಬೀಗ ಹಾಕಿ ಕಾಯುವುದಕ್ಕಲ್ಲ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಕಟ್ಟಿಡುತ್ತಿದ್ದರು. ಆ ಸರಪಳಿ ಕಳಚಿದ ಮೇಲೆಯೇ ಪುಸ್ತಕ ಜನರ ಕೈಗೆ ಬಂತು.

ಈ ಸೂತ್ರವನ್ನು ಸಂಗೀತಕ್ಕೂ ಹಚ್ಚಿದವರಿದ್ದಾರೆ. ಅಮೆರಿಕದ ರಾಜಧಾನಿಯಲ್ಲಿರುವ ಲೈಬ್ರರಿ ಆಫ್ ಕಾಂಗ್ರೆಸ್ ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಒಂದು. ಎಲಿಜಬೆತ್ ಕೂಲಿಡ್ಜ್ ಎಂಬ ಮಹಿಳೆ, ಸ್ವತಃ ಪಿಯಾನೋ ವಾದಕಿ, ಅಲ್ಲೊಂದು ಸಂಗೀತ ಸಭಾಂಗಣ ಕಟ್ಟಲು ಹಣ ಕೊಟ್ಟರು. ಅದು ತೆರೆದದ್ದು 1925ರಲ್ಲಿ, ನಮ್ಮ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ವರ್ಷದಲ್ಲೇ. ಹತ್ತು ವರ್ಷದ ಬಳಿಕ ಗರ್ಟ್ರೂಡ್ ವಿಟ್ಟಲ್ ಎಂಬ ಇನ್ನೊಬ್ಬ ಮಹಿಳೆ ಸ್ಟ್ರಾಡಿವೇರಿ ಎಂಬ ಮಹಾಕುಶಲಿ ಮಾಡಿದ ಐದು ಹಳೆಯ ತಂತಿವಾದ್ಯಗಳನ್ನು ಅದೇ ಗ್ರಂಥಾಲಯಕ್ಕೆ ಕೊಟ್ಟರು. ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ಇಡಬಾರದು, ನುಡಿಸುತ್ತಿರಬೇಕು ಎಂಬುದು ಅವರ ಷರತ್ತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ‘ಊಡಿ’ ಗ್ರಂಥಾಲಯದಲ್ಲಂತೂ ಸಂಗೀತ ಅಭ್ಯಾಸಕ್ಕೆಂದೇ ಕೋಣೆಗಳಿವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಇಂದು ನಮ್ಮ ಗ್ರಂಥಾಲಯಗಳ ಮೇಜುಗಳಲ್ಲಿ ಬೆಳಗಿನಿಂದ ಸಂಜೆವರೆಗೆ ತಲೆತಗ್ಗಿಸಿ ಕುಳಿತಿರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ-ಯುವತಿಯರು. ಅವರಲ್ಲಿ ಹಲವರ ಮನೆಯಲ್ಲಿ ಓದಲು ಪ್ರತ್ಯೇಕ ಕೋಣೆ ಇರುವುದಿಲ್ಲ. ಆ ಮೌನವೇ ಅವರ ಆಸ್ತಿ. ಅದನ್ನು ಕಸಿದು ಕೊಡುವ ಸಂಗೀತ ಬೇಡವೇ ಬೇಡ. ದಿನಪತ್ರಿಕೆ ಓದಲು ಬರುವ ನನ್ನಂಥ ಮುದುಕರು ಎದ್ದು ಹೋದರೆ ಅಂಥ ನಷ್ಟವೇನಿಲ್ಲ. ಈ ಮಕ್ಕಳು ಎದ್ದು ಹೋದರೆ ಅದು ನಷ್ಟ. ಆದ್ದರಿಂದ ತಿಂಗಳಿಗೆ ಒಂದೇ ದಿನ, ಓದುವ ಸಮಯ ಮುಗಿದ ಮೇಲೆ, ಒಂದೇ ಗಂಟೆ. ದಿನಾಂಕವನ್ನು ಮೊದಲೇ ಫಲಕದಲ್ಲಿ ಬರೆದಿಟ್ಟರೆ ಯಾರಿಗೂ ತೊಂದರೆಯಿಲ್ಲ.

ಅಷ್ಟು ದೊಡ್ಡ ಪಿಯಾನೋ ತರುವುದು ಹೇಗೆ? ತರುವುದು ಬೇಡ. ನಮ್ಮ ಉಪ್ಪುಗಾಳಿಗೆ ಹೊಂದುವುದು ಡಿಜಿಟಲ್ ಪಿಯಾನೋ. ಅದರಲ್ಲಿ ತಂತಿಯೇ ಇಲ್ಲ, ಶ್ರುತಿ ಮಾಡುವ ಕೆಲಸವೂ ಇಲ್ಲ. ಆದರೆ 88 ಕೀಗಳಿಗೂ ನಿಜವಾದ ಪಿಯಾನೋದ ಭಾರ ಇರುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರು. ತಂತಿಯ ಪಿಯಾನೋದ ತುಂಬು ನಾದ ಪೂರ್ತಿ ಸಿಗುವುದಿಲ್ಲ, ನಿಜ. ಕಲಿಯುವ ಬೆರಳಿಗೆ ಸಾಕು. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಅದಕ್ಕೆ ಹೆಡ್‌ಫೋನ್ ಸಿಕ್ಕಿಸಬಹುದು. ಪಕ್ಕದವರು ಪರೀಕ್ಷೆಗೆ ಓದುತ್ತಿರಲಿ, ಈಚೆ ಮಗು ಅಭ್ಯಾಸ ಮಾಡುತ್ತಿರಲಿ, ಒಬ್ಬರ ಸದ್ದು ಇನ್ನೊಬ್ಬರಿಗಿಲ್ಲ!

ಈಗ ಮಕ್ಕಳಿಗೆ ಒಂದು ಲೆಕ್ಕ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎರಡೆರಡಾಣೆ ಕೂಡಿ ಮದುವೆಗಳಾದವು, ಮನೆಗೆ ಹಂಚು ಬಂತು. ಒಂದು ಊರಿನಲ್ಲಿ 500 ಜನ ದಿನಕ್ಕೆ 1 ರೂಪಾಯಿಯಂತೆ 120 ದಿನ ಕೊಟ್ಟರೆ ಎಷ್ಟು? ಪೆನ್ಸಿಲ್ ಹಿಡಿಯಿರಿ. 60,000 ರೂಪಾಯಿ. ಅಷ್ಟರೊಳಗೆ ಒಂದು ಸಾಧಾರಣ ಡಿಜಿಟಲ್ ಪಿಯಾನೋ ಬರುತ್ತದೆ. ಹೊಸ ಸ್ಕೂಟರಿಗಿಂತ ಅಗ್ಗ. ಪಿಗ್ಮಿಯನ್ನು ಜಗತ್ತಿಗೆ ಕಲಿಸಿದ ಊರಿಗೆ ಇದು ಕಷ್ಟವೇ?

ಮೊದಲ ದಿನ ಏನು ನುಡಿಸಬೇಕು? ನನ್ನ ಪಟ್ಟಿ ಹೀಗಿದೆ. ಮೊದಲು ಮೊಟ್ಸಾರ್ಟ್. ‘ಟ್ವಿಂಕಲ್ ಟ್ವಿಂಕಲ್’ ಎಂದು ಅಂಗನವಾಡಿಯ ಮಕ್ಕಳೂ ಹಾಡುವ ಧಾಟಿ ಮೂಲತಃ ಒಂದು ಫ್ರೆಂಚ್ ಹಾಡಿನದು. ಸುಮಾರು 1781ರ ಹೊತ್ತಿಗೆ ಮೊಟ್ಸಾರ್ಟ್ ಅದನ್ನು ಎತ್ತಿಕೊಂಡು 12 ಬಗೆಯಲ್ಲಿ ಬೆಳೆಸಿದ. ನಮ್ಮ ಗಾಯಕರು ಒಂದೇ ಸಾಲನ್ನು ಹಿಡಿದು ನೆರವಲ್ ಮಾಡುವ ಹಾಗೆ. ಅದರ ಬೆನ್ನಿಗೇ ಮುತ್ತುಸ್ವಾಮಿ ದೀಕ್ಷಿತರ ‘ಶ್ಯಾಮಲೇ ಮೀನಾಕ್ಷಿ’ ಬರಲಿ. ಪಾಶ್ಚಾತ್ಯ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿ ರಚಿಸಿದ ನೊಟ್ಟುಸ್ವರಗಳಲ್ಲಿ ಇದೂ ಒಂದು. ಅದರ ಧಾಟಿ ಇದೇ ‘ಟ್ವಿಂಕಲ್’ನದು! ಸಂಗೀತ ಪಾಠಕ್ಕೆ ಹೋದ ಅಜ್ಜಿ, ಶಿಶುವಿಹಾರಕ್ಕೆ ಹೋಗುವ ಮೊಮ್ಮಗ, ಇಬ್ಬರೂ ಒಟ್ಟಿಗೆ ತಲೆದೂಗಬಹುದು. ಆಮೇಲೆ ಶೂಮನ್ 1848ರಲ್ಲಿ ಮಕ್ಕಳಿಗೆಂದೇ ಬರೆದ ಪುಟ್ಟ ಪುಟ್ಟ ರಚನೆಗಳು.

ಕೊನೆಗೆ ಗ್ರಂಥಪಾಲಕರಿಗೆ ಬಹಳ ಮೆಚ್ಚುಗೆಯಾಗುವ ಒಂದು ರಚನೆ. 1952ರಲ್ಲಿ ಅಮೆರಿಕದ ಜಾನ್ ಕೇಜ್ ಬರೆದದ್ದು. ವಾದಕ ಬಂದು ಪಿಯಾನೋದ ಮುಂದೆ ಕುಳಿತುಕೊಳ್ಳುತ್ತಾನೆ. 4 ನಿಮಿಷ 33 ಸೆಕೆಂಡು ಒಂದು ಸ್ವರವನ್ನೂ ನುಡಿಸುವುದಿಲ್ಲ. ಎದ್ದು ನಮಸ್ಕರಿಸುತ್ತಾನೆ. ಮುಗಿಯಿತು! ಮೊದಲ ಸಲ ನಡೆದಾಗ ಕೆಲವರು ಸಿಟ್ಟಾದರು. ಆದರೆ ಆ ಹೊತ್ತಿನಲ್ಲಿ ಮರಗಳ ನಡುವಿನ ಗಾಳಿ, ಮಾಡಿನ ಮೇಲೆ ಬಿದ್ದ ಮಳೆ ಎಲ್ಲವೂ ಕೇಳಿಸುತ್ತಿತ್ತು. ಅವನ್ನು ಕೇಳಿಸುವುದೇ ಕೇಜ್ ಅವರ ಉದ್ದೇಶ. ನಮ್ಮ ಕಾರ್ಕಳದಲ್ಲಿ ಜುಲೈ ತಿಂಗಳಲ್ಲಿ ಇದನ್ನು ಇಟ್ಟರೆ ಮಳೆಯೇ ಮುಖ್ಯ ಕಲಾವಿದ. ಸುಮ್ಮನಿದ್ದು ಕೇಳುವುದು, ಸುಮ್ಮನಿದ್ದು ಓದುವುದು ಎರಡೂ ಒಂದೇ ಶಿಸ್ತು. ಗ್ರಂಥಾಲಯದ ಮೌನಕ್ಕೂ ಸಂಗೀತಕ್ಕೂ ಜಗಳವಿಲ್ಲ.

ಪ್ರತಿ ಗ್ರಂಥಾಲಯದ ಮೇಜಿನ ಮೇಲೂ ಒಂದು ಸಲಹಾ ಪುಸ್ತಕ ಇರಬೇಕು. ಇಲ್ಲದಿದ್ದರೆ ಒಂದು ಬಿಳಿ ಹಾಳೆ ಸಾಕು. ಮಕ್ಕಳೇ, ಮುಂದಿನ ಶನಿವಾರ ಅಜ್ಜನದ್ದೋ ಅಜ್ಜಿಯದ್ದೋ ಕೈಹಿಡಿದು ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ. ಉಡುಪಿಯದಾಗಲಿ, ಮಣಿಪಾಲದ್ದಾಗಲಿ, ಪಂಚಾಯತಿನ ಅರಿವು ಕೇಂದ್ರವಾಗಲಿ. ಒಂದು ಪುಸ್ತಕ ತೆಗೆದುಕೊಳ್ಳಿ. ಹಾಳೆಯಲ್ಲಿ ಒಂದು ಸಾಲು ಬರೆಯಿರಿ: ‘ನಮಗೆ ತಿಂಗಳಿಗೆ ಒಂದು ಗಂಟೆ ಸಂಗೀತ ಬೇಕು.’ ಕೆಳಗೆ ನಿಮ್ಮ ಹೆಸರು, ತರಗತಿ ಬರೆಯಿರಿ. ಅಜ್ಜ-ಅಜ್ಜಿಯೂ ರುಜು ಹಾಕಲಿ. ಪಿಯಾನೋ ಬರುವವರೆಗೆ ಕಾಯುವುದೂ ಬೇಡ. ಭಜನಾ ಮಂದಿರದ ಹಾರ್ಮೋನಿಯಂ ಒಂದು ಸಂಜೆ ಅತ್ತ ಹೋಗಿ ಬರಲಿ. ಕಪ್ಪು-ಬಿಳಿ ಕೀಗಳು ಅದರಲ್ಲೂ ಇವೆಯಲ್ಲ!