ಮುಂದೆ ಸಾಗಲು ಪಕ್ಕಕ್ಕೆ ತಳ್ಳಬೇಕು

ಕಾಲಿಗೆ ಗಾಲಿ ಕಟ್ಟಿಕೊಂಡು ಓಡುವ ಹುಚ್ಚು ಮನುಷ್ಯನಿಗೆ ಹೊಸದೇನಲ್ಲ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಜಾನ್ ಜೋಸೆಫ್ ಮರ್ಲಿನ್ ಎಂಬ ಕುಶಲ ಯಂತ್ರಕರ್ಮಿ, ತಾನೇ ತಯಾರಿಸಿದ ಗಾಲಿಯ ಬೂಟು ತೊಟ್ಟು ಪಿಟೀಲು ನುಡಿಸುತ್ತ ಔತಣಕೂಟಕ್ಕೆ ನುಗ್ಗಿದನಂತೆ. ನಿಲ್ಲುವ ಉಪಾಯ ಮಾತ್ರ ಗೊತ್ತಿರಲಿಲ್ಲ. ದೊಡ್ಡ ನಿಲುಗನ್ನಡಿಗೆ ಡಿಕ್ಕಿ ಹೊಡೆದ. ಕನ್ನಡಿಯೂ ಹೋಯಿತು, ಪಿಟೀಲೂ ಹೋಯಿತು, ಮೈಯಿಗೂ ಪೆಟ್ಟಾಯಿತು ಎಂದು ಕಥೆ.

ಒಂದೇ ಸಾಲಿನಲ್ಲಿ ಗಾಲಿಗಳಿರುವ ಇಂದಿನ ‘ಇನ್‌ಲೈನ್ ಸ್ಕೇಟ್’ ಜನಪ್ರಿಯವಾದದ್ದು 1980ರ ನಂತರ, ಅಮೆರಿಕದ ಮಿನಿಯಾಪೊಲಿಸ್ ನಗರದಿಂದ. ಅಲ್ಲಿನ ಐಸ್ ಹಾಕಿ ಆಟಗಾರರಿಗೆ ಬೇಸಿಗೆಯಲ್ಲಿ ಹಿಮವಿಲ್ಲದೆ ಅಭ್ಯಾಸ ತಪ್ಪುತ್ತಿತ್ತು. ಹಿಮದ ಬದಲು ರಸ್ತೆಯ ಮೇಲೆ ಓಡಲು ಈ ಗಾಲಿಗಳು ನೆರವಾದವು. ಹಾಗಾಗಿ ಇದನ್ನು ಬೇಸಿಗೆಯ ಕೂಸು ಎಂದರೆ ತಪ್ಪಿಲ್ಲ. ನಮ್ಮ ಊರುಗಳಲ್ಲಿಯೂ ಏಪ್ರಿಲ್, ಮೇ ಬಂತೆಂದರೆ ರಿಂಕುಗಳಲ್ಲಿ ಮಕ್ಕಳ ಜಾತ್ರೆ. ಜೊತೆಗೆ ಸ್ಪರ್ಧೆಗಳು, ಪದಕಗಳು, ಗ್ಯಾಲರಿಯಲ್ಲಿ ಕೂಗುವ ತಂದೆತಾಯಿಗಳು.

ಮೈಸೂರಿನ ಒಂದು ಮನೆಯನ್ನೇ ನೋಡಿ. ಏಳನೆಯ ತರಗತಿ ಮುಗಿಸಿದ, ಹನ್ನೆರಡು ವರ್ಷದ ಹುಡುಗಿ. ಭಾನುವಾರ 500 ಮೀಟರ್ ಸ್ಪರ್ಧೆ. ಅಪ್ಪ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಭ್ಯಾಸದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದರು. ಆದರೆ ಹದಿನೈದು ದಿನಗಳಿಂದ ಹುಡುಗಿಗೆ ಮಂಡಿಚಿಪ್ಪಿನ ಕೆಳಗೆ ನೋವು. ಅಮ್ಮ ವೈದ್ಯರ ಬಳಿ ಕರೆದೊಯ್ದರು.

ವೈದ್ಯರು ಕಾಲನ್ನು ಒತ್ತಿ ನೋಡಿ ವಿವರಿಸಿದರು. ತೊಡೆಯ ದೊಡ್ಡ ಸ್ನಾಯು ಮಂಡಿಚಿಪ್ಪನ್ನು ದಾಟಿ, ಮೊಣಕಾಲ ಕೆಳಗಿನ ಮೂಳೆಗೆ ಗಟ್ಟಿ ಹಗ್ಗದಂಥ ಕಂಡರದ ಮೂಲಕ ಅಂಟಿಕೊಂಡಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಆ ಜಾಗದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮಂಡಿ ಬಗ್ಗಿಸಿ ದಿನವೂ ಗಂಟೆಗಟ್ಟಲೆ ತಳ್ಳಿದರೆ ಹಗ್ಗ ಎಳೆದೆಳೆದು ಗೂಟದ ಬುಡ ನೋಯುತ್ತದೆ. “ಶನಿವಾರದವರೆಗೆ ಸ್ಕೇಟ್ ಮುಟ್ಟಬೇಡಮ್ಮ. ಭಾನುವಾರ ನೋವಿಲ್ಲದಿದ್ದರೆ ಓಡು. ನೋವು ಬಂದ ಕ್ಷಣ ನಿಲ್ಲಿಸಬೇಕು” ಎಂದರು.

“ಸ್ಪರ್ಧೆ ಹತ್ತಿರ ಬಂದಾಗ ಸುಮ್ಮನೆ ಕೂರುವುದೇ?” ಅಪ್ಪನಿಗೆ ಸಮಾಧಾನವಿಲ್ಲ. ಅಷ್ಟರಲ್ಲಿ ಮಂಡ್ಯದ ಕಡೆಯ ಹಳ್ಳಿಯಿಂದ ಸೋದರಮಾವ ಬಂದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್. “ಸುಮ್ಮನೆ ಯಾಕೆ ಕೂರಬೇಕು ಭಾವ? ಮಕ್ಕಳನ್ನು ನನ್ನ ಜೊತೆ ಕಳಿಸಿ, ತಿರುಗಾಡಿಸಿಕೊಂಡು ಬರ್ತೀನಿ” ಎಂದರು. ಒಂಬತ್ತು ವರ್ಷದ ತಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ.

ಸೋಮವಾರ, 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯ. ಮಹಾರಾಣಿಯವರ ಸಲೂನ್ ಗಾಡಿಗಿಂತ ಅದರ ಉಕ್ಕಿನ ಗಾಲಿಗಳೇ ಮಾವನಿಗೆ ಇಷ್ಟ. ಗಟ್ಟಿ ಗಾಲಿ ಗಟ್ಟಿ ಹಳಿಯ ಮೇಲೆ ಉರುಳುವಾಗ ಬಹಳ ಕಡಿಮೆ ಚಪ್ಪಟೆಯಾಗುತ್ತದೆ. ಶಕ್ತಿಯ ನಷ್ಟವೂ ಕಡಿಮೆ. ಸ್ಕೇಟಿನ ಗಾಲಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ತೀರಾ ಗಟ್ಟಿಯಿದ್ದರೆ ಸಲೀಸಾಗಿ ಓಡುತ್ತದೆ, ಆದರೆ ತಿರುವಿನಲ್ಲಿ ಜಾರುತ್ತದೆ. ಮೆತ್ತಗಿದ್ದರೆ ನೆಲ ಹಿಡಿಯುತ್ತದೆ, ಆದರೆ ವೇಗ ತಗ್ಗುತ್ತದೆ.

ಮಂಗಳವಾರ ಚಾಮುಂಡಿ ಬೆಟ್ಟ. ನೋಯುವ ಮಂಡಿಗೆ ಮೆಟ್ಟಿಲು ಬೇಡವೆಂದು ಸಿಟಿ ಬಸ್ಸಿನಲ್ಲಿಯೇ ಹೋದರು. ತಿರುವು ಬಂದಾಗಲೆಲ್ಲ ನಿಂತ ಪ್ರಯಾಣಿಕರು ಹೊರಮುಖವಾಗಿ ತೂಗಿದರು. ದೇಹ ನೇರ ಹೋಗಬಯಸುತ್ತದೆ, ಬಸ್ಸು ತಿರುಗುತ್ತದೆ. ಸ್ಕೇಟು ತೊಟ್ಟವರಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ. ಆದ್ದರಿಂದ ಅವರು ಒಳಮುಖವಾಗಿ ವಾಲಬೇಕು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ಹಿಡಿದರೆ ಸುಮಾರು 14 ಡಿಗ್ರಿ ವಾಲಿದರೆ ಸಾಕು. ವೇಗ 10 ಮೀಟರ್‌ಗೆ ಏರಿದರೆ ಸುಮಾರು 45 ಡಿಗ್ರಿ ಬೇಕು! ವೇಗ ಎರಡು ಪಟ್ಟಾದರೆ ಬೇಕಾಗುವ ಬಲ ನಾಲ್ಕು ಪಟ್ಟು. ಬಹಳಷ್ಟು ಮಕ್ಕಳು ತಿರುವಿನಲ್ಲಿಯೇ ಬೀಳುವುದು ಏಕೆಂದು ಈಗ ತಿಳಿಯಿತಲ್ಲವೆ?

ಬುಧವಾರ, ಗುರುವಾರ ಅಜ್ಜಿಯ ಹಳ್ಳಿ. ಮಾವಿನಹಣ್ಣು, ಉಯ್ಯಾಲೆ, ಎತ್ತಿನಗಾಡಿ. ಗಾಡಿಯ ಅಚ್ಚಿಗೆ ಅಜ್ಜ ಕೀಲೆಣ್ಣೆ ಹಾಕುವುದನ್ನು ಹುಡುಗಿ ಕುಳಿತು ನೋಡಿದಳು. ಎಣ್ಣೆ ಒಣಗಿದರೆ ಗಾಲಿ ಕಿರುಗುಟ್ಟುತ್ತದೆ, ಎತ್ತು ಬಳಲುತ್ತದೆ. ಸ್ಕೇಟಿನಲ್ಲಿ ಆ ಕೆಲಸ ಬಾಲ್ ಬೇರಿಂಗಿನದು. ಉಜ್ಜುವ ಕಡೆ ಉರುಳುವ ಗುಂಡುಗಳನ್ನಿಟ್ಟರೆ ಘರ್ಷಣೆ ಬಹಳ ತಗ್ಗುತ್ತದೆ. ಪ್ರತಿ ಗಾಲಿಗೆ ಎರಡು ಬೇರಿಂಗ್. ನಾಲ್ಕು ಗಾಲಿಯ ಜೋಡಿ ಸ್ಕೇಟಿನಲ್ಲಿ ಒಟ್ಟು ಹದಿನಾರು. “ಇವುಗಳಿಗೂ ನಾವು ಎಣ್ಣೆ ಹಾಕಿ ಎಷ್ಟು ದಿನವಾಯಿತು?” ಎಂದು ತಮ್ಮ ಕೇಳಿದಾಗ ಅಕ್ಕನ ಬಳಿ ಉತ್ತರವಿರಲಿಲ್ಲ.

ಶುಕ್ರವಾರ ಹಿಂತಿರುಗುವಾಗ ಶ್ರೀರಂಗಪಟ್ಟಣದ ಬಳಿ ಇಳಿದು ರಂಗನತಿಟ್ಟಿಗೆ ಹೋದರು. ದೋಣಿಯವರು ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದರು, ದೋಣಿ ಮುಂದಕ್ಕೆ ಹೋಗುತ್ತಿತ್ತು. ನ್ಯೂಟನ್ನನ ಮೂರನೆಯ ನಿಯಮ ಕಣ್ಣೆದುರೇ ಇತ್ತು. ಹುಡುಗಿ ಕೇಳಿದಳು: “ಮಾವ, ಸ್ಕೇಟಲ್ಲಿ ಹಿಂದಕ್ಕೆ ತಳ್ಳಿದ್ರೆ ಗಾಲಿ ಹಿಂದಕ್ಕೇ ಉರುಳಿಬಿಡುತ್ತಲ್ಲ?”

ಬಹಳ ಒಳ್ಳೆಯ ಪ್ರಶ್ನೆ. ಗಾಲಿ ತಾನು ಉರುಳುವ ದಿಕ್ಕಿನಲ್ಲಿ ಹಿಡಿತ ಕೊಡುವುದಿಲ್ಲ. ಹಿಡಿತವಿರುವುದು ಅಡ್ಡ ದಿಕ್ಕಿನಲ್ಲಿ ಮಾತ್ರ. ಆದ್ದರಿಂದ ಪಾದವನ್ನು ಸ್ವಲ್ಪ ಓರೆಯಾಗಿಸಿ ಪಕ್ಕಕ್ಕೆ ತಳ್ಳಬೇಕು. ಆಗ ನೆಲ ಕೊಡುವ ಪ್ರತಿಬಲದ ಒಂದು ಪಾಲು ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಳ್ಳುವುದೇ ಮುಂದೆ ಸಾಗುವ ದಾರಿ. ನೇರ ಹಿಂದಕ್ಕೆ ಒದೆಯುವವರು ನಿಂತಲ್ಲೇ ಕಾಲು ಜಾಡಿಸುತ್ತಾರೆ.

ಅಷ್ಟರಲ್ಲಿ ಹೆಜ್ಜಾರ್ಲೆಗಳ ಸಾಲೊಂದು ತಲೆಯ ಮೇಲೆ ಹಾದುಹೋಯಿತು. ಹೀಗೆ ಸಾಲುಗಟ್ಟಿ ಹಾರುವ ಹೆಜ್ಜಾರ್ಲೆಗಳ ಹೃದಯ ಬಡಿತ, ಒಂಟಿಯಾಗಿ ಹಾರುವುದಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಕಡಿಮೆ ಇರುತ್ತದೆಂದು 2001ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಮುಂದಿನ ಹಕ್ಕಿಯ ರೆಕ್ಕೆಯ ಅಂಚಿನಿಂದ ಮೇಲೇಳುವ ಗಾಳಿ ಹಿಂದಿನದಕ್ಕೆ ಆಸರೆ. ಸ್ಕೇಟಿಂಗ್‌ನಲ್ಲಿ ಕಾರಣ ಬೇರೆ: ಮುಂದಿನವರು ಗಾಳಿಯನ್ನು ಸೀಳುತ್ತಾರೆ, ಹಿಂದಿನವರಿಗೆ ಮರೆ ಸಿಗುತ್ತದೆ. ಲಾಭ ಮಾತ್ರ ಒಂದೇ, ಶಕ್ತಿಯ ಉಳಿತಾಯ.

ಶನಿವಾರ ಮನೆಯಲ್ಲಿ ಬೇರಿಂಗುಗಳನ್ನು ಬಿಚ್ಚಿ, ಒರೆಸಿ, ತೊಟ್ಟು ತೊಟ್ಟು ಎಣ್ಣೆ ಬಿಟ್ಟರು. ಮಂಡಿ ನೋಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅರ್ಹತಾ ಸುತ್ತು. ಹುಡುಗಿ ಮುಂದಿನವಳ ಬೆನ್ನ ಮರೆಯಲ್ಲಿ ಬಗ್ಗಿ ಓಡಿದಳು. ಕೊನೆಯ ತಿರುವು ದಾಟಿದ ಮೇಲೆ ಹೊರಬಂದು ಎರಡನೆಯವಳಾಗಿ ಗೆರೆ ಮುಟ್ಟಿದಳು. ಅಂತಿಮ ಸುತ್ತಿಗೆ ಆಯ್ಕೆ! ಅಪ್ಪನ ಮುಖ ಅರಳಿತು. ಅರ್ಧ ಗಂಟೆಯ ನಂತರ ಅವರು ನೋಡಿದಾಗ ಮಗಳು ಯಾರಿಗೂ ಕಾಣದಂತೆ ಮಂಡಿಯ ಕೆಳಗೆ ಒತ್ತಿಕೊಳ್ಳುತ್ತಿದ್ದಳು.

“ನೋವಾ ಪುಟ್ಟಿ?”

“ಸ್ವಲ್ಪ. ಓಡ್ತೀನಪ್ಪ, ಒಂದೇ ಸುತ್ತು ಉಳಿದಿರೋದು.”

ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ಅಪ್ಪ ರಿಂಕಿನ ಕಡೆ ನೋಡಿದರು, ಮಗಳ ಕಾಲಿನ ಕಡೆ ನೋಡಿದರು. ಎರಡನೆಯ ಸಲ ಹೆಸರು ಕೂಗಿದರು. ಅಪ್ಪ ಮಂಡಿಯೂರಿ ಕುಳಿತು ತಾವೇ ಸ್ಕೇಟಿನ ಪಟ್ಟಿ ಬಿಚ್ಚಿದರು. “ಸಾಕು ಮಗಳೇ. ಈ ಕಾಲು ಮುಂದಿನ ಬೇಸಿಗೆಗೂ ಬೇಕು.” ಹುಡುಗಿ ಅತ್ತಳು. ಅಪ್ಪ ಸಮಾಧಾನ ಹೇಳಲು ಹೋಗಲಿಲ್ಲ, ಪಕ್ಕದಲ್ಲಿ ಕುಳಿತರು. ಅಂತಿಮ ಸುತ್ತನ್ನು ಇಬ್ಬರೂ ಕುಳಿತೇ ನೋಡಿದರು.

ಆ ದಿನ ಆ ಮನೆಗೆ ಪದಕ ಬರಲಿಲ್ಲ. ನಷ್ಟವೇನು? ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ 2025ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1000 ಮೀಟರ್ ಚಿನ್ನ ಗೆದ್ದಾಗ ಅವರಿಗೆ 22 ವರ್ಷ. ಹನ್ನೆರಡರ ಹುಡುಗಿಗೆ ಇನ್ನೂ ಹತ್ತು ವರ್ಷಗಳಿವೆ, ಮಂಡಿ ಉಳಿದಿದ್ದರೆ!

ತಂದೆತಾಯಿಗಳು ಗಮನಿಸಬೇಕಾದದ್ದು ಇಷ್ಟೆ. ಹೆಲ್ಮೆಟ್, ಮಣಿಕಟ್ಟು, ಮೊಣಕೈ ಮತ್ತು ಮಂಡಿಯ ಕವಚಗಳಿಲ್ಲದೆ ಸ್ಕೇಟ್ ತೊಡಿಸಬೇಡಿ. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಕೊಡಿ. ನೋವೆಂದರೆ ನಂಬಿ. ತಿರುಗಾಟ, ಅಜ್ಜಿಮನೆ, ಹರಟೆ ಅಭ್ಯಾಸಕ್ಕೆ ಅಡ್ಡಿಯಲ್ಲ. ಅವೂ ಪಕ್ಕಕ್ಕೆ ತಳ್ಳುವ ತಳ್ಳುಗಳೇ.

ಮಕ್ಕಳಿಗೆ ಒಂದು ಲೆಕ್ಕ: 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ 3000 ಮೀಟರ್ ರಿಲೇಯಲ್ಲಿ ದಕ್ಷಿಣ ಕೊರಿಯಾದ ಆಟಗಾರ ಗೆದ್ದೆನೆಂದು ಗೆರೆ ಮುಟ್ಟುವ ಮೊದಲೇ ಕೈಯೆತ್ತಿದ. ಪಕ್ಕದಲ್ಲಿದ್ದ ಚೈನೀಸ್ ತೈಪೆಯ ಆಟಗಾರ ಕಾಲು ಮುಂದೆ ಚಾಚಿ 0.01 ಸೆಕೆಂಡಿನಿಂದ ಚಿನ್ನ ಗೆದ್ದ. ಅದೇ ಓಟದಲ್ಲಿ ಭಾರತಕ್ಕೆ ಕಂಚು ಬಂತು. ವೇಗ ಗಂಟೆಗೆ 40 ಕಿಲೋಮೀಟರ್ ಎಂದಿಟ್ಟುಕೊಂಡರೆ, 0.01 ಸೆಕೆಂಡಿನಲ್ಲಿ ಸ್ಕೇಟು ಎಷ್ಟು ಸೆಂಟಿಮೀಟರ್ ಸಾಗುತ್ತದೆ? ಉತ್ತರ ಬಂದ ಮೇಲೆ ನಿಮ್ಮ ಗೇಣಿಗೆ ಹೋಲಿಸಿ ನೋಡಿ.