ಕಂಡಮ್ ಮಾಡಿದ ಪೆಟ್ಟಿಗೆ, ಗುಜರಿಯವನ ಕೊರಳು

ಕಾಲೇಜು, ವಿಶ್ವವಿದ್ಯಾಲಯ ಅಂದರೆ ಕೈ ಮುಗಿಯುತ್ತೇವೆ. ಗುಜರಿ ಅಂಗಡಿ ಅಂದರೆ ಮೂಗು ಮುರಿಯುತ್ತೇವೆ. ಈ ಎರಡರ ನಡುವೆ ಆಗಾಗ ಒಂದು ವ್ಯವಹಾರ ನಡೆಯುತ್ತದೆ. ಅದೇ ಹರಾಜು. ಮುರಿದ ಬೆಂಚು, ತುಕ್ಕು ಹಿಡಿದ ಬೀರು, ತಿರುಗದ ಫ್ಯಾನು, ಅವುಗಳ ಜೊತೆಗೆ ಲ್ಯಾಬಿನ ಮೂಲೆಯಲ್ಲಿ ಧೂಳು ತಿಂದ ಯಂತ್ರಗಳು. ಸ್ಟಾಕ್ ರಿಜಿಸ್ಟರಿನಲ್ಲಿ ‘ಕಂಡಮ್’ ಎಂದು ಒಂದು ಷರಾ ಬಿದ್ದರೆ ಆಯಿತು. ಕಡತ ಚೊಕ್ಕಟ. ಪೆಟ್ಟಿಗೆಯೊಳಗೆ ಇದ್ದದ್ದು ಮಾತ್ರ ಹಾಗೇ ಇರುತ್ತೆ.

ಅದರ ಬೆಲೆ ಎಷ್ಟು ಎಂಬುದನ್ನು ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆ ತೆತ್ತು ನೋಡಿದೆ. 2010ರ ಫೆಬ್ರವರಿಯಲ್ಲಿ ದಿಲ್ಲಿ ವಿಶ್ವವಿದ್ಯಾಲಯದವರು ರಸಾಯನಶಾಸ್ತ್ರ ವಿಭಾಗದ ಒಂದು ಹಳೇ ಯಂತ್ರವನ್ನು ಹರಾಜಿಗೆ ಹಾಕಿದರು. ಕೆನಡಾದಿಂದ ಬಂದ ಗಾಮಾ ಯಂತ್ರ ಅದು. ಒಳಗೆ ಕೋಬಾಲ್ಟ್-60 ಕಡ್ಡಿಗಳು, ಸುತ್ತ ಸೀಸದ ದಪ್ಪ ಕವಚ. 1985ರಿಂದ ಯಾರೂ ಬಳಸಿರಲಿಲ್ಲ. ಅದರಲ್ಲಿ ಕೆಲಸ ಮಾಡಿದ್ದ ಪ್ರಾಧ್ಯಾಪಕರು ನಿವೃತ್ತರಾಗಿ ಹೋಗಿದ್ದರು. ಒಳಗೇನಿದೆ ಎಂದು ಬಲ್ಲವರು ಹರಾಜಿನ ಹೊತ್ತಿಗೆ ಯಾರೂ ಇರಲಿಲ್ಲ, ಇದ್ದರೂ ಅವರನ್ನು ಕೇಳಿದವರಿಲ್ಲ.

ಗುಜರಿಯವನಿಗೆ ಬೇಕಾದದ್ದು ಸೀಸ. ಸೀಸಕ್ಕೆ ಒಳ್ಳೇ ರೇಟಿದೆ ಸ್ವಾಮಿ. ಕತ್ತರಿಸಿದರು, ಬಿಚ್ಚಿದರು. ಒಳಗಿನ ಲೋಹದ ಚೂರುಗಳು ಕೈಯಿಂದ ಕೈಗೆ ಹೋದವು. ಒಬ್ಬರಂತೂ ಒಂದು ಚೂರನ್ನು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡಿದರು. ವಾಸನೆಯಿಲ್ಲ, ಹೊಗೆಯಿಲ್ಲ, ಮುಟ್ಟಿದರೆ ಸುಡುವುದೂ ಇಲ್ಲ. ದಿನ ಕಳೆದಂತೆ ಚರ್ಮ ಕಪ್ಪಾಯಿತು, ಕೂದಲು ಉದುರಿತು, ವಾಂತಿ ಹತ್ತಿತು. ಎಂಟು ಜನ ಆಸ್ಪತ್ರೆ ಸೇರಿದರು. ಏಪ್ರಿಲ್ ಕೊನೆಯಲ್ಲಿ ಒಬ್ಬ ಕೂಲಿಯಾಳು ಸತ್ತ.

ತಮಾಷೆ ನೋಡಿ, ಮೊದಲು ಎಲ್ಲರ ಬೆರಳು ಹೋದದ್ದು ವಿದೇಶದಿಂದ ಬರುವ ಗುಜರಿ ಮಾಲಿನ ಕಡೆಗೆ! ಮೂಲ ಹುಡುಕುತ್ತಾ ಹೋದರೆ ಜಾಡು ಅದೇ ಊರಿನ ವಿದ್ಯಾಮಂದಿರದ ಬಾಗಿಲಿಗೆ ಬಂದು ನಿಂತಿತು. ಅಣುಶಕ್ತಿ ನಿಯಂತ್ರಣ ಮಂಡಳಿ ವಿಶ್ವವಿದ್ಯಾಲಯದ ವಿಕಿರಣ ವಸ್ತು ಬಳಕೆಗೆ ತಡೆ ಹಾಕಿತು. ಕುಲಪತಿಗಳು ನೈತಿಕ ಹೊಣೆ ಹೊತ್ತರು. ಹೊತ್ತಿದ್ದು ನೈತಿಕ ಹೊಣೆ ಅಷ್ಟೇ, ಪೆಟ್ಟಿಗೆ ಹೊತ್ತವನು ಬೇರೆ.

‘ಅಷ್ಟು ಹಳೇದಲ್ವೇನ್ರೀ, ಸತ್ವ ಹೋಗಿರ್ತಿತ್ತು’ ಅನ್ನುವವರಿದ್ದಾರೆ. ಲೆಕ್ಕ ಹಾಕೋಣ. ಕೋಬಾಲ್ಟ್-60ರ ಕಸುವು ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ಬಿದ್ದಿದ್ದ 25 ವರ್ಷದಲ್ಲಿ ಅದು ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತಲೂ ಕಮ್ಮಿಯಾಗಿತ್ತು. ಉಳಿದ ಆ ಒಂದು ಪಾಲೇ ಮನುಷ್ಯನನ್ನು ಕೊಂದಿತು.

ನಮ್ಮೂರ ಕಾಲೇಜಿನಲ್ಲಿ ಕೋಬಾಲ್ಟ್ ಎಲ್ಲಿಂದ ಬರಬೇಕು ಎಂದು ನಗಬೇಡಿ. ಅದಿಲ್ಲದಿದ್ದರೆ ಬೇರೆಯವಿವೆ. ಒಡೆದ ಥರ್ಮಾಮೀಟರಿನ ಪಾದರಸ, ಗಾಜು ತೊಳೆಯುವ ಕ್ರೋಮಿಕ್ ಆಸಿಡ್, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ. ಪಿಕ್ರಿಕ್ ಆಸಿಡ್ ಬಾಟಲಿಯಲ್ಲಿ ನೀರಾರಿ ಒಣಗಿದರೆ ಮುಚ್ಚಳ ತಿರುಗಿಸಿದ್ದಕ್ಕೇ ಸಿಡಿಯಬಹುದು. ಈಥರ್ ವರ್ಷಗಟ್ಟಲೆ ಕೂತರೂ ಅದೇ ಕಥೆ. ಅಂಗಡಿಯವರಿಗೆ ಇದು ಹೇಳಿದರೆ ಬೇಗ ಅರ್ಥವಾಗುತ್ತೆ. ಚೀಟಿ ಕಿತ್ತುಹೋದ ಡಬ್ಬಿಯನ್ನು ನೀವು ಗಿರಾಕಿಗೆ ಕೊಡ್ತೀರಾ? ಅಪ್ಪ ಇಟ್ಟಿದ್ದು ಮಗನಿಗೆ ಗೊತ್ತಿಲ್ಲದಿದ್ದರೆ ಅಪ್ಪನನ್ನೇ ಕೂಗಿ ಕೇಳ್ತೀರಿ. ಲ್ಯಾಬಿನಲ್ಲಿ ಮೇಷ್ಟ್ರು ವರ್ಗವಾಗಿ ಹೋದರೆ ಬಾಟಲಿ ಅನಾಥ. ಆಮೇಲೆ ಅಟೆಂಡರ್ ಅದನ್ನು ಸಿಂಕಿಗೆ ಸುರಿದು ನಲ್ಲಿ ಬಿಡುತ್ತಾನೆ, ಖಾಲಿ ಬಾಟಲಿ ಗುಜರಿಗೆ.

ಕಾನೂನಿಲ್ಲವೇ? ಇದೆ. ವಿಕಿರಣ ವಸ್ತುವಿಗೆ 1987ರ ನಿಯಮ ಬೇರೆಯೇ ಇದೆ. ರಾಸಾಯನಿಕ ತ್ಯಾಜ್ಯಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮ: ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಡಬ್ಬಿಗೆ ಚೀಟಿ ಅಂಟಿಸಬೇಕು, ಅನುಮತಿ ಪಡೆದ ಘಟಕಕ್ಕೇ ಒಪ್ಪಿಸಬೇಕು. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯಲ್ಲಿ ಅಂಥ ಘಟಕವಿದೆ. ಅಲ್ಲಿಗೆ ಕಳಿಸಲು ದುಡ್ಡು ಕಟ್ಟಬೇಕು. ಹರಾಜು ಹಾಕಿದರೆ ದುಡ್ಡು ಬರುತ್ತೆ. ಕಟ್ಟುವುದು ಯಾವುದು, ಬರುವುದು ಯಾವುದು ಅಂತ ಗುಮಾಸ್ತರಿಗೆ ಹೇಳಿಕೊಡಬೇಕೇ?

ಆದ್ದರಿಂದ ಮುಂದಿನ ಹರಾಜಿನಲ್ಲಿ ಕೂಗುವ ಮುಂಚೆ ಗುಜರಿಯವರೇ ಒಂದು ಕಾಗದ ಕೇಳಲಿ. ಈ ಲಾಟಿನಲ್ಲಿ ವಿಷ, ವಿಕಿರಣ, ಸಿಡಿಯುವ ವಸ್ತು ಏನೂ ಇಲ್ಲ ಎಂದು ವಿಭಾಗದ ಮುಖ್ಯಸ್ಥರ ಸಹಿ ಇರುವ ಕಾಗದ. ಕೊಡಲು ಹಿಂದೆಮುಂದೆ ನೋಡಿದರೆ ಲಾಟು ಬಿಟ್ಟು ಬನ್ನಿ. ಗಾತ್ರಕ್ಕೆ ಮೀರಿದ ಭಾರದ ಪೆಟ್ಟಿಗೆ, ಅದರ ಮೇಲೆ ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಕಂಡರೆ ಕಟರ್ ಹಚ್ಚಬೇಡಿ. ದೂರ ಸರಿದು, ಬೇರೆಯವರನ್ನೂ ಸರಿಸಿ, 112ಕ್ಕೆ ಫೋನ್ ಮಾಡಿ.